ಟಿಕೆಟ್ ಯಂತ್ರ: ದುಡ್ಡು ಮೊದಲೋ, ಕಾರ್ಡ್ ಮೊದಲೋ?

ಕೇಳುಗರಿಗೆ ನಮಸ್ಕಾರ. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಮುಂಬೈ ಲೋಕಲ್ ರೈಲು ಹಿಡಿಯುವವರಿಗೆ ಸ್ಮಾರ್ಟ್ ಕಾರ್ಡ್ ಇಟ್ಟು ಟಿಕೆಟ್ ತೆಗೆಯುವ ಯಂತ್ರ ಹೊಸದಲ್ಲ. ಅಂಥದೊಂದನ್ನು ಹೊಸದಾಗಿ ವಿನ್ಯಾಸ ಮಾಡಬೇಕು ಅನ್ನಿ. ಹತ್ತು ಜನರ ಕೈಗೆ ಕೊಟ್ಟು ನೋಡಿದರೆ ಸಾಕೇ? ಸಾಲದು. ದುಡ್ಡು ಕಟ್ ಆಗಿ, ಟಿಕೆಟ್ ಬರುವಷ್ಟರಲ್ಲಿ ಕಾಗದ ಸಿಕ್ಕಿಕೊಳ್ಳುವ ಗಳಿಗೆ ಆ ಹತ್ತು ಜನರಿಗೆ ಎದುರಾಗದೇ ಹೋಗಬಹುದು. ದಾದರಿನ ಸಂಜೆಯ ನೂಕುನುಗ್ಗಲಲ್ಲಿ ಅದು ಬಂದೇ ಬರುತ್ತದೆ.

ಇಲ್ಲಿ ನೆರವಾಗುವುದು ಫಾರ್ಮಲ್ ಮೆಥಡ್ಸ್, ಅಂದರೆ ಗಣಿತಬದ್ಧ ವಿಧಾನ. ಯಂತ್ರ ಇರಬಹುದಾದ ಒಂದೊಂದು ಸ್ಥಿತಿಯನ್ನೂ, ಯಾವ ಗುಂಡಿ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆದು ಮಾಡೆಲ್ ಚೆಕರ್‌ಗೆ, ಅಂದರೆ ಇದನ್ನು ಪರೀಕ್ಷಿಸುವ ತಂತ್ರಾಂಶಕ್ಕೆ, ಕೊಡುತ್ತೇವೆ. ಅದು ಎಲ್ಲ ದಾರಿಗಳನ್ನೂ ಜಾಲಾಡುತ್ತದೆ. 100 ನಿಲ್ದಾಣ, 2 ದರ್ಜೆ, ಹೋಗುವ ಇಲ್ಲವೇ ಹೋಗಿಬರುವ ಟಿಕೆಟ್, 4 ಜನರವರೆಗೆ, ಪ್ರಿಂಟರಿನ 3 ಸ್ಥಿತಿ: ಗುಣಿಸಿದರೆ 4,800 ಸ್ಥಿತಿಗಳು. ನಿಲ್ದಾಣದ ಹೆಸರು ಬೇಡ, ‘ಆರಿಸಿದೆ, ಆರಿಸಿಲ್ಲ’ ಎಂದಷ್ಟೇ ಇಟ್ಟರೆ 96ಕ್ಕೆ ಇಳಿಯುತ್ತದೆ. ಪ್ರಿಂಟರನ್ನು ಮಾತ್ರ ಬಿಡುವಂತಿಲ್ಲ. ಬಿಟ್ಟರೆ ಪರೀಕ್ಷೆಯೇ ಸುಳ್ಳು. ಪ್ರಯಾಣಿಕ ಸರಿಯಾದ ಗುಂಡಿಯನ್ನೇ ಒತ್ತುತ್ತಾನೆ ಎಂದೂ ಬರೆಯಬಾರದು. ಯಾವ ಗುಂಡಿಯನ್ನಾದರೂ ಒತ್ತಲಿ, ಯಾವಾಗ ಬೇಕಾದರೂ ಕಾರ್ಡ್ ಎತ್ತಲಿ.

ಈಗ ಎರಡು ನಿಯಮ. ಮೊದಲನೆಯದು, ದುಡ್ಡು ಕಟ್ ಆದರೆ ಯಾವ ದಾರಿಯಲ್ಲಿ ಹೋದರೂ ಟಿಕೆಟ್ ಸಿಗಬೇಕು, ಇಲ್ಲವೇ ದುಡ್ಡು ಕಾರ್ಡಿಗೆ ಮರಳಬೇಕು. ಎರಡನೆಯದು, ಟಿಕೆಟ್ ಕೈಗೆ ಬರುವ ಮೊದಲೇ ಕಾರ್ಡ್ ಎತ್ತಿರಬೇಕು. ಬೇಕಾದ್ದು ಸಿಕ್ಕೊಡನೆ ಜನ ಹೊರಟುಬಿಡುತ್ತಾರೆ, ಕಾರ್ಡ್ ಅಲ್ಲೇ ಉಳಿಯುತ್ತದೆ. ಹಲವು ಎಟಿಎಂಗಳಲ್ಲಿ ನೋಟಿಗಿಂತ ಮುಂಚೆ ಕಾರ್ಡ್ ಹೊರಬರುವಂತೆ ಮಾಡಿದ್ದು ಇದಕ್ಕೇ.

ಒಂದೊಂದೇ ನೋಡಿದರೆ ಎರಡೂ ನ್ಯಾಯವೇ. ಜೊತೆಗಿಟ್ಟಾಗ ಚೆಕರ್ ತಪ್ಪುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ: ದುಡ್ಡು ಕಟ್, ಕಾರ್ಡ್ ಎತ್ತಿದ್ದಾಯಿತು, ಪ್ರಿಂಟ್ ಶುರು, ಕಾಗದ ಸಿಕ್ಕಿತು. ಮರಳಿಸಲು ಕಾರ್ಡೇ ಇಲ್ಲ! ಈ ವಿಧಾನದ ಬೆಲೆ ನನಗೆ ಕಾಣುವುದು ಇಲ್ಲೇ. ಯಂತ್ರ ಕಟ್ಟುವ ಮೊದಲೇ, ಕಾಗದದ ಮೇಲೇ ಜಗಳ ಹೊರಬೀಳುತ್ತದೆ.

ಪರಿಹಾರಕ್ಕೆ ಕ್ರಮ ಬದಲಿಸಬೇಕು. ಟಿಕೆಟ್ಟನ್ನು ಮೊದಲು ಮುಚ್ಚಳದ ಹಿಂದೆ ಪ್ರಿಂಟ್ ಮಾಡಿ ಹಿಡಿದಿಡಿ. ಅದು ಸರಿಯಾಗಿ ಬಂದಿದೆ ಎಂದು ಸೆನ್ಸರ್ ಹೇಳಿದ ಮೇಲಷ್ಟೇ ದುಡ್ಡು ಕಟ್ ಮಾಡಿ. ಕಾರ್ಡ್ ಎತ್ತಿದಾಗ ಮುಚ್ಚಳ ತೆರೆಯಲಿ. ದುಡ್ಡು ಕಟ್ ಆಗುವ ಮುನ್ನವೇ ಕಾರ್ಡ್ ಎತ್ತಿದರೆ ಟಿಕೆಟ್ ಒಳಗಿನ ರದ್ದಿ ಡಬ್ಬಿಗೆ ಬೀಳಬೇಕು. ಮುಚ್ಚಳ, ಡಬ್ಬಿ, ಸೆನ್ಸರ್ ಎಂದು ಖರ್ಚು ಏರುತ್ತದೆ, ಆದರೂ ಮಾಡತಕ್ಕದ್ದೇ.

ಹೊಸ ಮಾದರಿಯನ್ನು ಮತ್ತೆ ಓಡಿಸಿದರೆ ಇನ್ನೊಂದು ದಾರಿ ಉಳಿದಿರುತ್ತದೆ: ಕಾರ್ಡ್ ಎತ್ತಿದ ಮೇಲೆ ಮುಚ್ಚಳವೇ ತೆರೆಯದಿದ್ದರೆ? ಆಗ ವ್ಯವಹಾರದ ಸಂಖ್ಯೆ ತೆರೆಯ ಮೇಲೆ ನಿಲ್ಲಬೇಕು, ಕೌಂಟರಿನಲ್ಲಿ ದುಡ್ಡು ಮರಳಬೇಕು. ಟಿಕೆಟ್ ಇನ್ನೂ ಕಾಣದಿರುವಾಗ ‘ಕಾರ್ಡ್ ತೆಗೆಯಿರಿ’ ಎಂಬ ಮಾತನ್ನು ಜನ ನಂಬುತ್ತಾರೆಯೇ ಎಂಬುದು ಚೆಕರ್‌ಗೆ ತಿಳಿಯದ ವಿಷಯ. ಅದಕ್ಕೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ತೆರೆ ತಯಾರಿಸಿ, ಆ ಹತ್ತು ಜನರನ್ನು ಈಗ ಕರೆಯಬೇಕು.