ದುಡ್ಡು ಕೊಟ್ಟು ದೊಡ್ಡವರನ್ನ ಕರೆಸೋ ಮುಂಚೆ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ. ಗಣ್ಯರಿಗೆ ಮೀಸಲು ಅಂತ ಇವತ್ತು ಯಾರೂ ಚೀಟಿ ಅಂಟಿಸಿಲ್ಲ, ಆರಾಮಾಗಿ ಕೂತ್ಕೊಳ್ಳಿ.

ನಮ್ಮ ಬಳಗದಲ್ಲಿ ನಡೀತಿರೋ ವಾದ ನಿಮಗೆಲ್ಲ ಗೊತ್ತೇ ಇದೆ. ಈ ಸಲದ ವಾರ್ಷಿಕೋತ್ಸವಕ್ಕೆ ಒಬ್ಬ ದೊಡ್ಡ ಸಿಇಓನೋ ಮಾಜಿ ಮಂತ್ರಿನೋ ಕರೆಸೋಣ, ಏಜೆನ್ಸಿಯವರು ಫೀಸು ಹೇಳಿದಾರೆ, ಸ್ಪಾನ್ಸರ್ ಹುಡುಕೋಣ, ಮಕ್ಕಳಿಗೆ ಸ್ಫೂರ್ತಿ ಸಿಗತ್ತೆ ಅಂತ ಒಂದು ಗುಂಪು. ಅಷ್ಟು ದುಡ್ಡಲ್ಲಿ ಲೈಬ್ರರಿಗೆ ಕಪಾಟು ಮಾಡಿಸಬಹುದಲ್ಲ ಅಂತ ಇನ್ನೊಂದು ಗುಂಪು. ಕಾರ್ಪೊರೇಟ್ ಕಾರ್ಯಕ್ರಮಗಳ ಸ್ಟೇಜು, ಸೌಂಡು ನೋಡ್ಕೊಳ್ಳೋದ್ರಲ್ಲೇ ನನ್ನ ಆಯಸ್ಸು ಕಳೆದಿದೆ, ಕನ್ಸೋಲ್ ಹಿಂದೆ ನಿಂತು ಇಂಥ ಭಾಷಣ ಕೇಳಿರೋದಕ್ಕೆ ಲೆಕ್ಕ ಇಲ್ಲ, ಅದಕ್ಕೇ ಕಮಿಟಿಯವರು ನೀನೇ ಮಾತಾಡಪ್ಪ ಅಂದ್ರು. ನಾನು ಯಾವ ಗುಂಪು ಅಂತ ಮೊದಲೇ ಹೇಳಿಬಿಡ್ತೀನಿ. ಕರೆಸಿ, ಖಂಡಿತ ಕರೆಸಿ. ಆದ್ರೆ ಅವರು ಮಾತಾಡಿದಷ್ಟೇ ಹೊತ್ತು ನಮ್ಮ ಜನ ಪ್ರಶ್ನೆ ಕೇಳೋ ಹಾಗಿದ್ರೆ ಮಾತ್ರ ಕರೆಸಿ. ಇದನ್ನ ಇವತ್ತು ನಾನು ಮತ್ತೆ ಮತ್ತೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ದುಡ್ಡಿನ ವಿಷಯ. ಮಾತಿಗೆ ಫೀಸು ತಗೊಳ್ಳೋದು ಪಾಪ ಅನ್ನೋರು ನಮ್ಮಲ್ಲಿ ಜಾಸ್ತಿ, ನಾನು ಹಾಗಂದುಕೊಳ್ಳಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇದ್ದರಲ್ಲ, ಅಕ್ಷರ ಜೋಡಿಸೋ ಮೆಷಿನ್ನಿಗೆ ದುಡ್ಡು ಸುರಿದು ದಿವಾಳಿಯಾಗಿ, 1895ರಲ್ಲಿ ಪ್ರಪಂಚ ಸುತ್ತೋಕೆ ಹೊರಟ್ರು, ಊರೂರಲ್ಲಿ ಟಿಕೆಟ್ ಇಟ್ಟು ಮಾತಾಡಿ ಸಾಲ ತೀರಿಸಿದ್ರು, 1896ರಲ್ಲಿ ನಮ್ಮ ದೇಶಕ್ಕೂ ಬಂದಿದ್ರು. ಚರ್ಚಿಲ್ ಪಾರ್ಲಿಮೆಂಟಿಗೆ ಆಗ ತಾನೇ ಗೆದ್ದವರು, 1900ರ ಕೊನೇಲಿ ಅಮೆರಿಕಕ್ಕೆ ಹೋಗಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಥೆ ಹೇಳಿ ಸಂಪಾದನೆ ಮಾಡಿದ್ರು. ಇಷ್ಟೆಲ್ಲ ದೂರ ಯಾಕೆ, ನಮ್ಮ ವಿವೇಕಾನಂದರು. 1892ರಲ್ಲಿ ಬೆಂಗಳೂರು, ಮೈಸೂರಲ್ಲಿ ಇದ್ದು ಹೋದವರು, ಮುಂದಿನ ವರ್ಷ ಚಿಕಾಗೋ, ಅದೆಲ್ಲ ನಮಗೆ ಬಾಯಿಪಾಠ. ಅದರ ಮುಂದಿನದು ಎಷ್ಟು ಜನಕ್ಕೆ ಗೊತ್ತು? ಚಿಕಾಗೋದಲ್ಲಿ ಹೆಸರು ಬಂದ ಮೇಲೆ ಅವರು ಒಂದು ಲೆಕ್ಚರ್ ಬ್ಯೂರೋ, ಅಂದ್ರೆ ಭಾಷಣ ಏರ್ಪಾಡು ಮಾಡೋ ಏಜೆನ್ಸಿ ಜತೆ ಒಪ್ಪಂದ ಮಾಡ್ಕೊಂಡು ಊರೂರು ಅಲೆದ್ರು, ಇಲ್ಲಿನ ಕೆಲಸಕ್ಕೆ ದುಡ್ಡು ಬೇಕಿತ್ತು ಅವರಿಗೆ. 1894ರಲ್ಲಿ ತಮ್ಮ ಶಿಷ್ಯ ಅಳಸಿಂಗ ಪೆರುಮಾಳ್ ಅವರಿಗೆ, ಅವರು ನಮ್ಮ ಚಿಕ್ಕಮಗಳೂರಲ್ಲಿ ಹುಟ್ಟಿದವರು, ಒಂದು ಕಾಗದ ಬರೀತಾರೆ. ಒಂದು ಉಪನ್ಯಾಸಕ್ಕೆ 2,500 ಡಾಲರ್ ಬಂತು, ನನ್ನ ಕೈಗೆ ಕೊಟ್ಟಿದ್ದು 200, ಬ್ಯೂರೋದವರು ಮೋಸ ಮಾಡಿದ್ರು, ಅವರನ್ನ ಬಿಟ್ಟೆ ಅಂತ. ಆ ಕಾಗದ ಓದಿದಾಗ ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯ್ತು, ಸನ್ಯಾಸಿ ಆದ್ರೂ ಲೆಕ್ಕ ಲೆಕ್ಕಾನೇ ಅಂತ ನೇರವಾಗಿ ಬರೆದಿದಾರಲ್ಲ, ಎಷ್ಟು ಬಂತು ಎಷ್ಟು ಕೊಟ್ರು ಅಂತ.

ಹಾಗಾಗಿ ಫೀಸು ನನ್ನ ತಕರಾರಲ್ಲ. ಆದ್ರೆ ಫೀಸು ಯಾತಕ್ಕೆ ಅನ್ನೋದು ಕೇಳಲೇಬೇಕು. ರೇಗನ್ ಅಧ್ಯಕ್ಷಗಿರಿ ಬಿಟ್ಟ ವರ್ಷಾನೇ, 1989ರಲ್ಲಿ, ಜಪಾನಿನ ಒಂದು ಮಾಧ್ಯಮ ಕಂಪನಿ ಕರೆಸ್ಕೊಳ್ತು, ಇಪ್ಪತ್ತಿಪ್ಪತ್ತು ನಿಮಿಷದ ಎರಡು ಭಾಷಣ, ಜತೆಗೆ ಒಂದಷ್ಟು ಕಾರ್ಯಕ್ರಮ, ಕೊಟ್ಟಿದ್ದು 20 ಲಕ್ಷ ಡಾಲರ್. ಆ ನಲವತ್ತು ನಿಮಿಷದಲ್ಲಿ ಏನಂದ್ರು ಅಂತ ಇವತ್ತು ಯಾರಿಗೂ ನೆನಪಿಲ್ಲ, ಫೀಸು ಮಾತ್ರ ನೆನಪಿದೆ. ಹಿಲರಿ ಕ್ಲಿಂಟನ್ 2013ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಅನ್ನೋ ದೊಡ್ಡ ಬ್ಯಾಂಕಲ್ಲಿ ಮೂರು ಸಲ ಮಾತಾಡಿದ್ರು, ಒಟ್ಟು 6,75,000 ಡಾಲರ್. 2016ರ ಅಧ್ಯಕ್ಷ ಚುನಾವಣೇಲಿ ಅಭ್ಯರ್ಥಿ ಆಗೋಕೆ ಅವರ ಎದುರು ನಿಂತಿದ್ದ ಸ್ಯಾಂಡರ್ಸ್ ಅದನ್ನೇ ಹಿಡ್ಕೊಂಡ್ರು, ಅಲ್ಲಿ ಏನು ಮಾತಾಡಿದ್ರಿ ಪ್ರಿಂಟ್ ತೋರ್ಸಿ ಅಂತ. ಅವರು ತೋರಿಸ್ಲಿಲ್ಲ, ಕೊನೆಗೆ ತುಣುಕುಗಳು ಸೋರಿ ಹೊರಗೆ ಬಂದ್ವು. ಒಳಗೆ ದುಡ್ಡು ಕೊಟ್ಟೋರಿಗೆ ಒಂದು ಮಾತು, ಹೊರಗೆ ಓಟು ಹಾಕೋರಿಗೆ ಇನ್ನೊಂದಾ ಅನ್ನೋ ಅನುಮಾನ ಬಂತಲ್ಲ, ಅದು ಹೋಗ್ಲೇ ಇಲ್ಲ. ರಾಜಕಾರಣಿ ಆಡೋ ಮಾತನ್ನ ಬಾಗಿಲು ತೆಗೆದಿಟ್ಟು ಕೇಳಬೇಕು, ಪ್ರಶ್ನೆ ಕೇಳೋಕೆ ಅವಕಾಶ ಇರಬೇಕು. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಈಗ ನನ್ನ ಮೆಚ್ಚಿನ ಕಥೆ. ನನ್ನ ಜತೆ ಕೆಲಸ ಮಾಡೋ ಹುಡುಗ್ರು ಇದನ್ನ ಕೇಳಿ ಕೇಳಿ ಸುಸ್ತಾಗಿದಾರೆ, ನೀವು ಹೊಸಬರು.

ಇಂಗ್ಲೆಂಡಲ್ಲಿ ಜೆರಾಲ್ಡ್ ರಾಟ್ನರ್ ಅಂತ ಒಬ್ಬರು. ಅಪ್ಪನ ಒಡವೆ ಅಂಗಡಿ ವ್ಯಾಪಾರಾನ ಕೈಗೆ ತಗೊಂಡು ಎಲ್ಲಿಗೋ ಕೊಂಡೊಯ್ದರು. ಬ್ರಿಟನ್ನಿನ ಬೀದಿ ಬೀದೀಲಿ ಅಂಗಡಿ, ಅಮೆರಿಕದಲ್ಲೂ ಅಂಗಡಿ. ಗುಟ್ಟು ಏನಂದ್ರೆ ಬೆಲೆ. ಒಡವೆ ಅಂಗಡಿ ಮೆಟ್ಟಿಲು ಹತ್ತೋಕೆ ಹೆದರ್ತಿದ್ದ ಜನ ಇವರ ಅಂಗಡಿಗೆ ಧೈರ್ಯವಾಗಿ ನುಗ್ಗಿದ್ರು. ನಮ್ಮ ಅವೆನ್ಯೂ ರೋಡು, ಚಿಕ್ಕಪೇಟೆ ಕಡೆ ಹೋಗಿ ನೋಡಿ, ಗಾರ್ಮೆಂಟ್ಸಲ್ಲಿ ಕೆಲಸ ಮಾಡೋ ಹುಡುಗಿ ಓವರ್‌ಟೈಮ್ ದುಡ್ಡು ಕೂಡಿಟ್ಟು ತಂಗಿಗೆ ಒಂದು ಜತೆ ಸಣ್ಣ ಓಲೆ ತಗೊಳ್ಳೋಕೆ ಬಂದಿರ್ತಾಳೆ, ತಕ್ಕಡೀಲಿ ಇಟ್ಟಾಗ ಮುಳ್ಳನ್ನೇ ನೋಡ್ತಾ ನಿಂತಿರ್ತಾಳೆ. ಅಂಥೋರೇ ಆ ಮನುಷ್ಯನ್ನ ಸಾಹುಕಾರ ಮಾಡಿದ್ದು.

1991, ಏಪ್ರಿಲ್ 23. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಸಭೇಲಿ ಸಾವಿರಾರು ಜನ ಕಂಪನಿ ಡೈರೆಕ್ಟರ್‌ಗಳು, ಪತ್ರಕರ್ತರು. ಇಂಥ ಸಭೇಲಿ ಮಾತಾಡೋದು ಯಾವ ಉದ್ಯಮಿಗಾದ್ರೂ ಕಿರೀಟ. ಇವರು ಭಾಷಣದ ಮಧ್ಯೆ ಎರಡು ಜೋಕು ಹೊಡೀತಾರೆ. ನಮ್ಮ ಅಂಗಡೀಲಿ ಗಾಜಿನ ಹೂಜಿ, ಆರು ಗ್ಲಾಸು, ಬೆಳ್ಳಿ ಲೇಪದ ತಟ್ಟೆ, ಎಲ್ಲ ಸೇರಿ 4 ಪೌಂಡ್ 95ಕ್ಕೆ ಕೊಡ್ತೀವಿ, ಅಷ್ಟು ಕಮ್ಮಿಗೆ ಹೇಗೆ ಅಂತ ಕೇಳ್ತಾರೆ, ಹೇಗೆ ಅಂದ್ರೆ ಅದು ಶುದ್ಧ ಕಳಪೆ ಮಾಲು, ಅಂದುಬಿಟ್ರು. ಅವರು ಬಳಸಿದ ಪದ ಇದಕ್ಕಿಂತ ಕೆಟ್ಟದು, ಸಭೇಲಿ ಮಕ್ಕಳಿದಾರೆ, ಬಿಡಿ. ಆಮೇಲೆ, ನಮ್ಮ ಓಲೆ ಒಂದು ಸ್ಯಾಂಡ್‌ವಿಚ್‌ಗಿಂತ ಅಗ್ಗ, ಆದ್ರೆ ಸ್ಯಾಂಡ್‌ವಿಚ್ಚೇ ಜಾಸ್ತಿ ದಿನ ಬಾಳಿಕೆ ಬರಬಹುದು ಅಂದ್ರು. ಸಭೆ ಬಿದ್ದು ಬಿದ್ದು ನಕ್ತು. ನಗದೆ ಏನು, ಈ ಜೋಕುಗಳನ್ನ ಮುಂಚೇನೂ ಹೇಳಿದ್ರು, ಆಗಲೂ ಜನ ನಕ್ಕಿದ್ರು, ಏನೂ ಆಗಿರಲಿಲ್ಲ.

ಬೆಳಗಾಗೋದ್ರಲ್ಲಿ ಪೇಪರಿನ ಮುಖಪುಟಕ್ಕೆ ಬಂತು. ಮಾತು ಆಡಿದ್ರೆ ಹೋಯ್ತು ಮುತ್ತು ಒಡೆದ್ರೆ ಹೋಯ್ತು ಅಂತೀವಲ್ಲ, ಇಲ್ಲಿ ಎರಡೂ ಒಟ್ಟಿಗೇ ಹೋಯ್ತು. ಮದುವೆ ಉಂಗುರ ತಗೊಂಡೋರು, ಅಮ್ಮಂಗೆ ಸರ ತಗೊಂಡೋರು, ಅವರಿಗೆಲ್ಲ ಹೇಗಾಗಿರಬೇಡ! ನಾನು ಪ್ರೀತಿಯಿಂದ ಕೊಟ್ಟಿದ್ದನ್ನ ಮಾರಿದವನೇ ಕಸ ಅಂದ, ಅದಕ್ಕೆ ದೊಡ್ಡೋರೆಲ್ಲ ಸೇರಿ ನಕ್ಕರು ಅಂತ. ಜನ ಅಂಗಡಿ ಕಡೆ ತಲೆ ಹಾಕಲಿಲ್ಲ. ಕಂಪನಿಯ ಮಾರುಕಟ್ಟೆ ಬೆಲೇಲಿ ಸುಮಾರು 50 ಕೋಟಿ ಪೌಂಡ್ ಕರಗಿ ಹೋಯ್ತು. 1992ರಲ್ಲಿ ರಾಟ್ನರನ್ನೇ ಹೊರಗೆ ಹಾಕಿದ್ರು, 1993ರಲ್ಲಿ ಕಂಪನಿ ತನ್ನ ಹೆಸರೇ ಬದಲಾಯಿಸ್ಕೊಂಡು ಸಿಗ್ನೆಟ್ ಆಯ್ತು.

ಇಲ್ಲಿಗೆ ಮುಗೀಲಿಲ್ಲ. ಆ ಮನುಷ್ಯ ಸುಮಾರು ವರ್ಷ ಪಾತಾಳದಲ್ಲಿದ್ದು ಮತ್ತೆ ಎದ್ದು ವ್ಯಾಪಾರ ಮಾಡಿದ್ರು, ಇದೇ ಭಾಷಣದ ಕಥೆ ಹೇಳಿಕೊಂಡು ಸ್ಪೀಕರ್ ಆಗಿ ಹೆಸರು ಮಾಡಿದ್ರು. ಅಂಥೋರಿಗೆ ಫೀಸು ಕೊಟ್ರೆ ನಷ್ಟ ಇಲ್ಲ ಅಂತೀನಿ ನಾನು. ಯಾಕಂದ್ರೆ ಅವರ ಹತ್ರ ಒಂದು ದಿನ ಇದೆ, ಒಂದು ಸ್ಟೇಜಿದೆ, ಬಾಯಿಂದ ಬಿದ್ದ ಒಂದು ಮಾತಿದೆ. ನಾವು ಕೂತು ಕೇಳಬಹುದು, ಸಾರ್, ಆ ಜೋಕು ಬೇಡ ಅಂತ ಯಾರೂ ಹೇಳಲಿಲ್ವಾ? ಮಾರನೇ ದಿನ ಅಂಗಡಿ ಕೌಂಟರಲ್ಲಿದ್ದ ಹುಡುಗೀರಿಗೆ ನೀವು ಏನಂದ್ರಿ? ಅದರಲ್ಲಿ ನಮ್ಮ ಬಳೇಪೇಟೆ ವ್ಯಾಪಾರಿ ಕಲಿಯೋದೂ ಇದೆ, ಎಂಬಿಎ ಓದೋ ಹುಡುಗ ಕಲಿಯೋದೂ ಇದೆ.

ಈಗ ನಮ್ಮೂರಿಗೆ ಬರೋಣ. ನಾರಾಯಣಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟೀಲಿ ಮಾಡಿದ ಭಾಷಣ ಇದೆಯಲ್ಲ, ಅದರಲ್ಲಿ ಒಂದು ಪ್ರಸಂಗ ಬರತ್ತೆ. 1990, ಬೆಂಗಳೂರಿನ ಚಿಕ್ಕ ಆಫೀಸು, ಪಾಲುದಾರರಲ್ಲಿ ಐದು ಜನ ಕೂತಿದಾರೆ, ಇನ್ಫೋಸಿಸ್‌ನ ಹತ್ತು ಲಕ್ಷ ಡಾಲರಿಗೆ ಕೊಂಡ್ಕೊಳ್ತೀವಿ ಅಂತ ಒಂದು ಆಫರ್ ಬಂದಿದೆ. ಒಂಬತ್ತು ವರ್ಷ ಒದ್ದಾಡಿದೀವಿ, ಮಾರೋಣ ಅಂತ ಮಾತು ನಡೀತಿದೆ. ಇವರ ಸರದಿ ಕೊನೇದು. ನೀವೆಲ್ಲ ಮಾರೋದೇ ಆದ್ರೆ ನಾನೇ ನಿಮ್ಮ ಪಾಲು ಕೊಂಡ್ಕೊಳ್ತೀನಿ ಅಂದ್ರಂತೆ, ಜೇಬಲ್ಲಿ ಕಾಸಿಲ್ಲ. ಆ ರೂಮಿನ ಕಥೆ ಚಿನ್ನ. ಅದೇ ಅವರು 2023ರ ಅಕ್ಟೋಬರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ಇಡೀ ದೇಶ ಜಗಳಕ್ಕೆ ನಿಂತಿತು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತಿರೋ ಗಂಟೆಗಳನ್ನೂ ಸೇರಿಸ್ತೀರಾ ಅಂತ ನಮ್ಮ ಹುಡುಗ್ರು ಕೇಳಿದ್ರು. ಸರಿಯಾದ ಪ್ರಶ್ನೆ ಅದು. ತಾನು ಏನು ಮಾಡಿದೆ ಅಂತ ಹೇಳೋವಾಗ ದೊಡ್ಡ ಮನುಷ್ಯನ ಮಾತಿಗೆ ತೂಕ ಇರತ್ತೆ, ನೀವು ಹೀಗಿರಿ ಅಂತ ಹೇಳೋಕೆ ಶುರು ಮಾಡಿದ್ರೆ ಅವರು ಯಾರೇ ಆಗಲಿ, ಎದ್ದು ನಿಂತು ಕೇಳಬೇಕು.

ಇನ್ನೊಂದು ಹೇಳಲೇಬೇಕು, ಇದು ನಾನೇ ಕಂಡಿದ್ದು. ಪೀಣ್ಯದಲ್ಲಿ ದೊಡ್ಡ ಮೆಷಿನ್ ಶಾಪ್ ಇಟ್ಟಿರೋ ಒಬ್ಬ ಯಜಮಾನರು, ಹೆಸರು ಬೇಡ. ಹೋಟೆಲಲ್ಲಿ ಕಾರ್ಯಕ್ರಮ. ಗ್ರೀನ್ ರೂಮಲ್ಲಿ ನಮ್ಮ ಹುಡುಗ ಅವರ ಕಾಲರಿಗೆ ಮೈಕು ಸಿಕ್ಕಿಸ್ತಾ ಸುಮ್ನೆ ಕೇಳ್ದ, ಸಾರ್, ನೋಟ್ ಬ್ಯಾನ್ ಆದಾಗ ಬಟವಾಡೆ ಹೇಗೆ ಮಾಡಿದ್ರಿ, ನಮ್ಮಪ್ಪನೂ ಪೀಣ್ಯದಲ್ಲೇ ಫಿಟ್ಟರ್ ಆಗಿದ್ರು ಅಂತ. ಯಜಮಾನರ ಮುಖಾನೇ ಬದಲಾಯ್ತು. ಕೂತ್ಕೋ ಮಗಾ ಅಂದು ಶುರು ಮಾಡಿದ್ರು. ಮಂಗಳವಾರ ರಾತ್ರಿ ಸುದ್ದಿ, ಶನಿವಾರ ಬಟವಾಡೆ. ಆಮೇಲೆ ಕರೆಂಟ್ ಅಕೌಂಟಿಂದ ವಾರಕ್ಕೆ 50,000 ಮಾತ್ರ ತೆಗೀಬಹುದು ಅಂತ ರೂಲ್ಸು ಬಂತು, ಶೆಡ್ಡಲ್ಲಿ ನೂರು ಚಿಲ್ಲರೆ ಜನ. ಪಕ್ಕದ ಪ್ರಾವಿಷನ್ ಸ್ಟೋರಿನವನಿಗೆ ಹೇಳಿ, ನಮ್ಮ ಹುಡುಗ್ರು ಏನು ತಗೊಂಡ್ರೂ ನನ್ನ ಲೆಕ್ಕಕ್ಕೆ ಬರ್ಕೋ ಅಂದ್ರಂತೆ. ಇದ್ದ ಕ್ಯಾಶು ಮೊದಲು ಬಾಡಿಗೆ ಮನೆ, ಮಕ್ಕಳು ಇರೋರಿಗೆ, ಒಂಟಿ ಹುಡುಗ್ರಿಗೆ ಆಮೇಲೆ. ಒಬ್ಬ ಹಳೇ ಟರ್ನರ್ ಅದಕ್ಕೇ ಮುನಿಸ್ಕೊಂಡು ಕೆಲಸ ಬಿಟ್ಟು ಹೋದನಂತೆ, ಅದನ್ನ ಹೇಳೋವಾಗ ಯಜಮಾನರ ಗಂಟಲು ಕಟ್ತು. ಒಡಿಶಾ ಹುಡುಗ್ರಿಗೆ ವಿಳಾಸದ ದಾಖಲೆ ಇಲ್ಲದೆ ಬ್ಯಾಂಕ್ ಅಕೌಂಟ್ ಮಾಡ್ಸೋಕೆ ಇವರೇ ಕ್ಯೂ ನಿಂತಿದ್ದು, ಎರಡು ಮೆಷಿನ್ನಿಗೆ ಟಾರ್ಪಾಲ್ ಹೊದೆಸಿದ್ದು, ಎಲ್ಲ ಹೇಳಿದ್ರು.

ಆಮೇಲೆ ಸ್ಟೇಜು ಹತ್ತಿದ್ರು. ಯಾರೋ ಬರ್ಕೊಟ್ಟಿದ್ದ ಸ್ಲೈಡು. ಅಡೆತಡೆಗಳನ್ನ ಅವಕಾಶ ಮಾಡ್ಕೊಳ್ಳಿ, ದೊಡ್ಡ ಕನಸು ಕಾಣಿ. ಸಭೆ ಚಪ್ಪಾಳೆ ತಟ್ತು, ಮೊಬೈಲ್ ನೋಡ್ತು. ಪ್ರಶ್ನೆಗೆ ಅಂತ ಇಟ್ಟಿದ್ದ ಹದಿನೈದು ನಿಮಿಷ ಶಾಲು, ಪೇಟ, ಹಾರ, ಫಲತಾಂಬೂಲ, ಸ್ಪಾನ್ಸರ್ ಜತೆ ಫೋಟೋ, ಅದಕ್ಕೇ ಸರಿಹೋಯ್ತು. ಮೈಕು ಸಿಕ್ಕಿಸೋ ಹುಡುಗನಿಗೆ ಸಿಕ್ಕಿದ ಉಪನ್ಯಾಸ ಆ ಮುನ್ನೂರು ಜನಕ್ಕೆ ಸಿಗಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಚೀಟಿ ಬಂತು, ಇನ್ನು ಹತ್ತು ನಿಮಿಷ ಅಂತೆ. ರಾಜಕಾರಣಿಗಳ ಬಗ್ಗೆ ಬೇಕಾದಷ್ಟು ಬರ್ಕೊಂಡು ಬಂದಿದ್ದೆ, ಒಂದೇ ಹೇಳ್ತೀನಿ. ಹಿಲರಿಯವರ ಗಂಡ, ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1998ರ ಮಾರ್ಚಲ್ಲಿ ರುವಾಂಡಾದ ಕಿಗಾಲಿಗೆ ಹೋಗಿ, 1994ರ ನರಮೇಧದ ಹೊತ್ತಲ್ಲಿ ನಾವು ಬೇಗ ಎಚ್ಚೆತ್ಕೊಳ್ಳಲಿಲ್ಲ ಅಂತ ಸಂತ್ರಸ್ತರ ಎದುರಿಗೇ ಒಪ್ಕೊಂಡ್ರು. ಮಾಡದೆ ಬಿಟ್ಟಿದ್ದು ಏನು, ಆಗ ಟೇಬಲ್ ಮೇಲೆ ಯಾವ ಫೈಲು ಇತ್ತು, ಯಾರ ಮಾತು ಕೇಳಿದ್ರಿ, ನಮ್ಮ ಮಾಜಿ ಮಂತ್ರಿಗಳನ್ನ ಕರೆಸಿದ್ರೂ ಇದನ್ನೇ ಕೇಳಬೇಕು. ಕೆರೆ ಒತ್ತುವರಿ ಫೈಲು ಕಂಡಿರೋರು ನಮ್ಮೂರಲ್ಲಿ ಕಮ್ಮೀನಾ?

ಪ್ರಶ್ನೆ ಕೇಳೋದು ಬಸವನಗುಡಿಗೆ ಹೊಸದಲ್ಲ. ಎಚ್ಚೆನ್ ಮೇಷ್ಟ್ರು, ಅಂದ್ರೆ ಎಚ್. ನರಸಿಂಹಯ್ಯನವರು, 1962ರಲ್ಲಿ ಸೈನ್ಸ್ ಫೋರಂ ಶುರು ಮಾಡಿದ್ರು, ಬುಧವಾರ ಬಂದ್ರೆ ನ್ಯಾಷನಲ್ ಕಾಲೇಜಲ್ಲಿ ಉಪನ್ಯಾಸ, ಟಿಕೆಟ್ಟಿಲ್ಲ ಪಾಸಿಲ್ಲ, ಯಾರು ಬೇಕಾದ್ರೂ ಬರಬಹುದು. ಡಿವಿಜಿ ಗೋಖಲೆ ಸಂಸ್ಥೆ ಕಟ್ಟಿದ್ದೂ ಜನ ಸಾರ್ವಜನಿಕ ವಿಷಯ ಕೂತು ಚರ್ಚೆ ಮಾಡ್ಲಿ ಅಂತಾನೇ. ಕಲಾಂ ಅವರು ಹೋದಲ್ಲೆಲ್ಲ ಮಕ್ಕಳ ಪ್ರಶ್ನೆಗೆ ಟೈಮ್ ಇಡ್ತಿದ್ರು. ಇದನ್ನೆಲ್ಲ ವಿವರವಾಗಿ ಹೇಳೋಕೆ ಟೈಮಿಲ್ಲ.

ಕಮಿಟಿಯವರಿಗೆ ಹೇಳೋದು ಇಷ್ಟು. ಏಜೆನ್ಸಿಗೆ ಬರೆಯೋ ಕಾಗದದಲ್ಲೇ ಹಾಕಿ, ನಲವತ್ತು ನಿಮಿಷ ಮಾತು, ನಲವತ್ತು ನಿಮಿಷ ಪ್ರಶ್ನೆ. ಸ್ಫೂರ್ತಿ ಬೇಡ, ನೀವು ತಗೊಂಡ ಒಂದು ಕಷ್ಟದ ತೀರ್ಮಾನದ ಬಗ್ಗೆ ಹೇಳಿ ಅಂತ ಬರೀರಿ. ಪ್ರಶ್ನೆ ಚೀಟೀಲಿ ಬರೆಸಿ ಆರಿಸೋ ಪದ್ಧತಿ ಬೇಡ, ಆರಿಸೋರು ಯಾವಾಗಲೂ ಮೆತ್ತಗಿರೋದನ್ನೇ ಆರಿಸ್ತಾರೆ. ಸನ್ಮಾನ ಐದೇ ನಿಮಿಷ. ಪರಿಚಯ ಭಾಷಣ ಮಾಡೋ ನಮ್ಮ ಹಿರಿಯರ ಮೇಲೆ ನನಗೆ ತುಂಬಾ ಪ್ರೀತಿ, ಆದ್ರೂ ಎರಡು ನಿಮಿಷ. ಇದಕ್ಕೆ ಒಪ್ಪದಿದ್ರೆ ಅವರನ್ನ ಬಿಡಿ, ಕಪಾಟು ಮಾಡಿಸಿ, ಇಲ್ಲಾ ಪೀಣ್ಯದ ಯಜಮಾನರನ್ನ ನಾನು ಕರ್ಕೊಂಡು ಬರ್ತೀನಿ, ಅವರು ಫೀಸೂ ಕೇಳಲ್ಲ.

ನನ್ನ ಹತ್ರ ಇನ್ನೂ ಎರಡು ಹಾಳೆ ಇದೆ, ಅದನ್ನ ಪಕ್ಕಕ್ಕಿಟ್ಟೆ. ಕಾರ್ಡ್‌ಲೆಸ್ ಮೈಕು ಹಿಂದಿನ ಸಾಲಲ್ಲಿದೆ, ಆನ್ ಇದೆ. ಅಲ್ಲಿ ಹಸಿರು ಸೀರೆ ಅಮ್ಮ ಆಗಲೇ ಕೈ ಎತ್ತಿದ್ರು. ಕೇಳಿ ಅಮ್ಮ.