ಮನೆಯವರ ಕಣ್ಣಿಗೇ ಮೊದಲು ಬೀಳುವ ಗುರುತುಗಳು

ಕೇಳುಗರಿಗೆ ನಮಸ್ಕಾರ.

ಮಗನೋ ತಮ್ಮನೋ ಗಂಡನೋ ಮಾದಕ ವಸ್ತುವಿನ ಹಿಡಿತಕ್ಕೆ ಸಿಕ್ಕಿದ್ದಾನೆಂದು ಮನೆಯವರಿಗೆ ಖಚಿತವಾಗುವ ಹೊತ್ತಿಗೆ ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ಗುರುತುಗಳು ಕಂಡಾಗಲೆಲ್ಲ ಪರೀಕ್ಷೆಯ ಒತ್ತಡ, ಹಾಸ್ಟೆಲ್ಲಿನ ಊಟ, ರಾತ್ರಿ ಪಾಳಿಯ ಕೆಲಸ, ವಯಸ್ಸಿನ ಗುಣ ಎಂದು ನಾವೇ ಒಂದೊಂದು ಸಮಾಧಾನ ಹೇಳಿಕೊಂಡಿರುತ್ತೇವೆ. ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತಂತೂ ಇನ್ನೊಂದು ಮನೆಯ ಹೆಣ್ಣುಮಗಳನ್ನೂ ಆ ಸಂಕಟದೊಳಗೆ ಎಳೆದು ತರುತ್ತದೆ. ಹೆಣ್ಣುಮಕ್ಕಳಲ್ಲಿಯೂ ಈ ವ್ಯಸನವಿದೆ. ಮರ್ಯಾದೆಯ ಅಂಜಿಕೆಯಿಂದ ಅದು ಇನ್ನೂ ಹೆಚ್ಚು ಕಾಲ ಮುಚ್ಚಿಯೇ ಇರುತ್ತದೆ.

ಕಣ್ಣು ಕೆಂಪಾಗಿದೆ, ಕೋಪ ಹೆಚ್ಚಾಗಿದೆ ಎಂಬ ಒಂದೇ ಗುರುತನ್ನು ಹಿಡಿದು ತೀರ್ಮಾನಕ್ಕೆ ಬರಬಾರದು. ಆ ವ್ಯಕ್ತಿಯನ್ನು ಆರು ತಿಂಗಳ ಹಿಂದಿನ ಅವನ ಜೊತೆಗೇ ಹೋಲಿಸಿ ನೋಡಬೇಕು. ಇದು ಯಾವ ವೈದ್ಯರಿಗಿಂತಲೂ ಮನೆಯವರಿಗೆ ಚೆನ್ನಾಗಿ ಸಾಧ್ಯ. ಕ್ರಿಕೆಟ್ ಎಂದರೆ ಊಟ ಬಿಡುತ್ತಿದ್ದವನು ಮೈದಾನದ ಕಡೆಗೆ ತಲೆಹಾಕುವುದಿಲ್ಲ. ಹಳೆಯ ಗೆಳೆಯರ ಸುದ್ದಿ ನಿಂತುಹೋಗಿ, ಹೊಸಬರು ಒಳಗೆ ಬಾರದೆ ಗೇಟಿನ ಆಚೆಯಿಂದಲೇ ಕರೆದುಕೊಂಡು ಹೋಗುತ್ತಾರೆ. ಬಚ್ಚಲುಮನೆಯ ಬಾಗಿಲು ಬಹಳ ಹೊತ್ತು ತೆರೆಯುವುದಿಲ್ಲ. ಶುಲ್ಕಕ್ಕೆಂದು ಕೊಟ್ಟ ಹಣ ಕಾಲೇಜನ್ನು ತಲುಪಿರುವುದಿಲ್ಲ. ಬೀರುವಿನ ಉಂಗುರ ಕಾಣೆಯಾದಾಗ ಅನುಮಾನ ಮೊದಲು ಮನೆಗೆಲಸದವರ ಮೇಲೆ ಹೋಗುವುದನ್ನು ನಾನು ವಿಷಾದದಿಂದಲೇ ಇಲ್ಲಿ ಹೇಳಬೇಕಾಗಿದೆ.

ದೇಹದ ಗುರುತುಗಳು ವಸ್ತುವಿನಿಂದ ವಸ್ತುವಿಗೆ ಬೇರೆ. ಗಾಂಜಾ ಸೇದಿದವರ ಕಣ್ಣು ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುತ್ತದೆ. ಕೊಕೇನ್, ಎಂಡಿಎಂಎಯಂಥ ಉತ್ತೇಜಕ ವಸ್ತುಗಳು ಕಣ್ಣಿನ ಪಾಪೆಯನ್ನು ಹಿಗ್ಗಿಸಿ ನಿದ್ದೆಯನ್ನು ಓಡಿಸುತ್ತವೆ. ಹೆರಾಯಿನ್ ಮತ್ತು ಅಫೀಮಿನ ಗುಂಪಿಗೆ ಸೇರಿದ ನೋವಿನ ಮಾತ್ರೆಗಳಿಂದ ಪಾಪೆ ಸೂಜಿಮೊನೆಯಷ್ಟಾಗಿ, ಕುಳಿತಲ್ಲೇ ತೂಕಡಿಕೆ ಬರುತ್ತದೆ. ಚಿಕ್ಕ ಮಕ್ಕಳ ವಿಷಯದಲ್ಲಿ ಪಂಕ್ಚರ್ ಸಲ್ಯೂಷನ್, ಥಿನ್ನರ್, ವೈಟ್ನರ್ ವಾಸನೆ ಬಡಿಯುವ ಕರವಸ್ತ್ರವನ್ನೂ, ಬಾಯಿ ಮೂಗಿನ ಸುತ್ತಲಿನ ಗುಳ್ಳೆಗಳನ್ನೂ ಗಮನಿಸಬೇಕು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ 10ರಿಂದ 17 ವರ್ಷದವರಲ್ಲಿ ಬಳಕೆಯ ಪ್ರಮಾಣ ಹೆಚ್ಚಾಗಿ ಕಂಡದ್ದು ಹೀಗೆ ಮೂಸುವ ವಸ್ತುಗಳಲ್ಲಿ ಮಾತ್ರ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥವಾಗುವುದು, ವಸ್ತು ಸಿಗದಿದ್ದಾಗಿನ ನರಳಾಟ. ಹಬ್ಬಕ್ಕೆಂದು ಊರಿಗೆ ಬಂದವನಿಗೆ ಮರುದಿನವೇ ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಮೈ ನವಿರೇಳುವುದು, ಹೊಟ್ಟೆನೋವು, ಭೇದಿ, ಕೈಕಾಲು ಸೆಳೆತ ಶುರುವಾಗುತ್ತದೆ. ಮನೆಯವರು ನೀರು ಬದಲಾದದ್ದಕ್ಕೆ ಹೀಗಾಯಿತೆಂದು ಕಷಾಯ ಕಾಸಿ ಕೊಡುತ್ತಾರೆ. ಅಷ್ಟರಲ್ಲಿ ಅವನು ಹೇಗೋ ಎದ್ದು ಅರ್ಧ ಗಂಟೆ ಹೊರಗೆ ಹೋಗಿ ಬಂದರೆ ಜ್ವರವೂ ಇಲ್ಲ, ನೋವೂ ಇಲ್ಲ. ಊರು ಬಿಟ್ಟಾಗಲೆಲ್ಲ ಬಂದು, ಹೊರಗೆ ಹೋಗಿ ಬಂದೊಡನೆ ಮಾಯವಾಗುವ ಇಂಥ ನೆಗಡಿ ಎರಡನೆಯ ಸಲ ಕಂಡರೆ, ದಯವಿಟ್ಟು ಅದನ್ನು ನೆಗಡಿಯೆಂದು ಬಿಟ್ಟುಬಿಡಬೇಡಿ. ಮೊದಲಿನ ಪ್ರಮಾಣ ಸಾಲದಾಗುವುದು, ಬಿಡಬೇಕೆಂದರೂ ಬಿಡಲಾಗದಿರುವುದು, ಕೆಲಸ ಸಂಸಾರಗಳಿಗಿಂತ ಅದೇ ಮುಖ್ಯವಾಗುವುದು ಇದರ ಜೊತೆ ಸೇರಿದರೆ ಅದು ಕಾಯಿಲೆ, ಮತ್ತು ಅದಕ್ಕೆ ಚಿಕಿತ್ಸೆಯಿದೆ.

ಮಾತನಾಡುವುದಕ್ಕೆ ನಶೆಯಿಲ್ಲದ ಹೊತ್ತನ್ನು ಆರಿಸಿಕೊಳ್ಳಿ. ನೆಂಟರನ್ನು ಸೇರಿಸಿ ಪಂಚಾಯಿತಿ ಮಾಡಿಸಬೇಡಿ. ‘ನೀನು ಹಾಳಾದೆ’ ಎನ್ನುವುದಕ್ಕಿಂತ ‘ಮೂರು ವಾರದಿಂದ ನೀನು ಸರಿಯಾಗಿ ಊಟ ಮಾಡಿಲ್ಲ, ನನಗೆ ಭಯವಾಗಿದೆ ಕಂದ’ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅವನಿಗೆ ಉತ್ತರಿಸಲು ದಾರಿಯಿರುತ್ತದೆ. ಮೊದಲ ದಿನ ಅವನು ಸುಳ್ಳು ಹೇಳಬಹುದು, ಬಾಗಿಲು ತೆರೆದಿಡಿ.

ಪೊಲೀಸರ ಭಯದಿಂದ ಆಸ್ಪತ್ರೆಯನ್ನು ತಪ್ಪಿಸುವ ಕುಟುಂಬಗಳು ಬಹಳ. ಸ್ವಂತ ಬಳಕೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿಯೇ ಮುಂದೆ ಬಂದು, ಸರ್ಕಾರಿ ಅಥವಾ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಲಹೆಗಾರರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆಂದು ಹೊರಡಬೇಡಿ. ಮದ್ಯವನ್ನೋ ನಿದ್ದೆಮಾತ್ರೆಯನ್ನೋ ಬಹುಕಾಲ ಬಳಸಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಹೆರಾಯಿನ್ನಿನಂಥವನ್ನು ಕೆಲವು ವಾರ ಬಿಟ್ಟಿದ್ದವನು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ದೇಹಕ್ಕೆ ಅದನ್ನು ತಾಳುವ ಶಕ್ತಿ ಉಳಿದಿರದೆ ಉಸಿರೇ ನಿಂತುಹೋಗಬಹುದು. ಆದ್ದರಿಂದ ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನಗಳಲ್ಲಿಯೂ ಎಚ್ಚರವಿರಲಿ. ಎಬ್ಬಿಸಿದರೆ ಏಳದೆ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಏನು ಸೇವಿಸಿದ್ದಾನೆಂಬುದನ್ನು ವೈದ್ಯರಿಂದ ಮುಚ್ಚಿಡದೆ ಹೇಳಿ.

ನಮಸ್ಕಾರ.