ಎಕ್ಸ್-ರೇ: ಎಲ್ಲಿ ಹೆದರಬೇಕು, ಎಲ್ಲಿ ಬೇಡ
(ನರ್ಸಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಪ್ರಿಯ ವಿದ್ಯಾರ್ಥಿಗಳೇ,

ಐಸಿಯುಗೆ ಪೋರ್ಟಬಲ್ ಎಕ್ಸ್-ರೇ ಯಂತ್ರ ಬಂದಾಗ ಗಮನಿಸಿ. ಟೆಕ್ನಿಷಿಯನ್ ‘ಎಕ್ಸ್-ರೇ!’ ಎಂದು ಕೂಗಿದ್ದೇ ತಡ, ಕೆಲವರು ಕಾರಿಡಾರಿನ ಕೊನೆಗೆ ಓಡುತ್ತಾರೆ. ಯಂತ್ರ ಹೊರಟುಹೋದ ಮೇಲೂ ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಅದೇ ಜನ ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ (ಶಸ್ತ್ರಚಿಕಿತ್ಸೆ ನಡೆಯುವಾಗಲೇ ದೇಹದ ಒಳಭಾಗ ತೋರಿಸುವ ಎಕ್ಸ್-ರೇ ಯಂತ್ರ) ಪಕ್ಕ ಸೀಸದ ಏಪ್ರನ್ ಇಲ್ಲದೆ ನಿಂತಿರುವುದನ್ನೂ ನೋಡಿದ್ದೇನೆ. ಈ ಭಯವೂ ಈ ಧೈರ್ಯವೂ ಅದಲು ಬದಲಾಗಬೇಕು.

ಎಕ್ಸ್-ರೇ ಯಂತ್ರದ ಟ್ಯೂಬಿನೊಳಗೆ ವೇಗವಾಗಿ ಓಡಿದ ಎಲೆಕ್ಟ್ರಾನುಗಳು ಟಂಗ್‌ಸ್ಟನ್‌ಗೆ ಬಡಿದಾಗ ಎಕ್ಸ್-ರೇ ಹುಟ್ಟುತ್ತದೆ. ವಿದ್ಯುತ್ ನಿಂತರೆ, ಆರಿಸಿದ ದೀಪದ ಬೆಳಕಿನಂತೆ, ಅದೂ ಆ ಕ್ಷಣವೇ ಇಲ್ಲವಾಗುತ್ತದೆ. ಗೋಡೆಗೋ ಹಾಸಿಗೆಗೋ ರೋಗಿಯ ಮೈಗೋ ಅಂಟಿಕೊಳ್ಳುವುದಿಲ್ಲ. ಎದೆಯ ಎಕ್ಸ್-ರೇ ಮಾಡಿಸಿಕೊಂಡ ಬಾಣಂತಿ ಕೂಡಲೇ ಮಗುವಿಗೆ ಹಾಲೂಡಿಸಬಹುದು. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಮಾತು ಬೇರೆ. ಅಲ್ಲಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಚುಚ್ಚಿಸಿಕೊಂಡವರ ದೇಹವೇ ಕೆಲವು ಗಂಟೆ ಗಾಮಾ ಕಿರಣ ಸೂಸುತ್ತಿರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಕಾಲ, 6 ಗಂಟೆ. ಎಂಆರ್‌ಐ, ಅಲ್ಟ್ರಾಸೌಂಡ್‌ಗಳಲ್ಲಿ ಈ ಬಗೆಯ ವಿಕಿರಣವೇ ಇಲ್ಲ.

ಮಣ್ಣು, ಆಕಾಶ, ಉಸಿರಾಡುವ ರೇಡಾನ್ ಅನಿಲ, ತಿನ್ನುವ ಅನ್ನ, ಇವುಗಳಿಂದ ಮನುಷ್ಯರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ) ವಿಕಿರಣ ತಗಲುತ್ತದೆ. ವಿಕಿರಣಶೀಲ ಮೊನಾಜೈಟ್ ಮರಳಿರುವ ಕೇರಳದ ಕರುನಾಗಪಳ್ಳಿ ಕರಾವಳಿಯಲ್ಲಿ ಇನ್ನೂ ಹೆಚ್ಚು. ಎದೆಯ ಒಂದು ಎಕ್ಸ್-ರೇ 0.1 ಮಿಲಿಸೀವರ್ಟನ್ನೂ ದಾಟುವುದಿಲ್ಲ. ಹೊಟ್ಟೆಯ ಸಿಟಿ ಸ್ಕ್ಯಾನ್ ಸುಮಾರು 8ರಿಂದ 10. ಎಕ್ಸ್-ರೇ ಬೇಡವೆಂದು ಹಟ ಹಿಡಿಯುವವರೇ ‘ಒಂದು ಸಿಟಿ ಬರೆದುಕೊಡಿ ಸರ್’ ಎಂದು ಕೇಳುವುದನ್ನು ನೀವು ಒಪಿಡಿಯಲ್ಲಿ ದಿನವೂ ಕೇಳುತ್ತೀರಿ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರಿಗೆ ಸಿಟಿ ಜೀವ ಉಳಿಸುತ್ತದೆ, ಅಲ್ಲಿ ಹಿಂದೆಮುಂದೆ ನೋಡುವಂತಿಲ್ಲ. ನನಗೆ ಸಂಕಟವಾಗುವುದು ಹೋದ ವಾರ ತೆಗೆಸಿದ ಸ್ಕ್ಯಾನ್ ಮನೆಯ ಬೀರುವಿನಲ್ಲಿ ಉಳಿಯಿತೆಂಬ ಕಾರಣಕ್ಕೆ ಮತ್ತೊಮ್ಮೆ ತೆಗೆಯುವಾಗ. ಅಡ್ಮಿಷನ್ ವೇಳೆ ‘ಹಳೆಯ ಫಿಲ್ಮು, ಸಿಡಿ ಏನಾದರೂ ಇದೆಯಾ ಅಮ್ಮಾ?’ ಎಂದು ಕೇಳಿ. ಮನೆಯವರಿಗೆ ಫೋನು ಮಾಡಿಸಿ ತರಿಸಿ.

ಈಗ ಸಿ-ಆರ್ಮ್. ನಿಮ್ಮ ಮೈಗೆ ಬರುವ ವಿಕಿರಣದ ಬಹುಪಾಲು ರೋಗಿಯ ದೇಹಕ್ಕೆ ಬಡಿದು ಚದುರಿದ್ದು. ಕಿರಣ ಒಳಹೋಗುವ ಕಡೆಗೇ, ಅಂದರೆ ಟ್ಯೂಬಿನ ಬದಿಗೇ, ಅದು ಹೆಚ್ಚು ಚದುರುತ್ತದೆ. ಹಾಗಾಗಿಯೇ ಟ್ಯೂಬನ್ನು ಟೇಬಲ್ಲಿನ ಕೆಳಗಿಡುವುದು. ಕಣ್ಣು, ಕುತ್ತಿಗೆ ಉಳಿದುಕೊಳ್ಳುತ್ತವೆ. ಅರ್ಧ ಮೀಟರಿನಿಂದ ಒಂದು ಮೀಟರಿಗೆ ಸರಿದರೆ ಪ್ರಮಾಣ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಎದುರು ಮಾತ್ರ ಮುಚ್ಚುವ ಏಪ್ರನ್ ತೊಟ್ಟು ಯಂತ್ರಕ್ಕೆ ಬೆನ್ನು ಹಾಕಿ ಟ್ರೇ ಜೋಡಿಸಬೇಡಿ. ಕೆಲಸ ಮುಗಿದ ಮೇಲೆ ಅದನ್ನು ಮಡಚಿ ಸ್ಟೂಲಿನ ಮೇಲೆ ಎಸೆದರೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹ್ಯಾಂಗರಿಗೆ ತೂಗುಹಾಕಿ.

ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗಲಿದ ವಿಕಿರಣ ಅಳೆಯುವ ಬಿಲ್ಲೆ) ಕೊಟ್ಟರೆ ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ ಹಾಕಿಕೊಳ್ಳಿ. ಅದರೊಳಗಿನ ಕ್ಯಾಲ್ಸಿಯಂ ಸಲ್ಫೇಟ್ ತಟ್ಟೆಗಳು ವಿಕಿರಣದ ಲೆಕ್ಕ ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುತ್ತವೆ. ಸಿಬ್ಬಂದಿಗೆ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರಬಾರದು. ಬ್ಯಾಡ್ಜನ್ನು ಡ್ರಾಯರಿನಲ್ಲಿ ಬಿಟ್ಟರೆ ಡ್ರಾಯರಿನ ಲೆಕ್ಕ ಬರುತ್ತದೆ. ಈ ಮಿತಿಗಳು ಸುಮ್ಮನೆ ಬಂದವಲ್ಲ. ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡಾಲಿ ತನ್ನ ಕೈಯನ್ನೇ ಒಡ್ಡಿ ಟ್ಯೂಬುಗಳನ್ನು ಪರೀಕ್ಷಿಸುತ್ತಿದ್ದ. ತೋಳುಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಹೊಟ್ಟೆ, ಸೊಂಟದ ಎಕ್ಸ್-ರೇ ಅಥವಾ ಸಿಟಿಗೆ ಬಂದ ಹೆಣ್ಣುಮಗಳಿಗೆ ಕೊನೆಯ ಮುಟ್ಟು ಯಾವಾಗ ಎಂದು ಕೇಳಲೇಬೇಕು. ಅತ್ತೆ, ಗಂಡ ಪಕ್ಕದಲ್ಲಿದ್ದಾಗ ಕೇಳಿದರೆ ತಲೆ ತಗ್ಗಿಸಿ ‘ಏನಿಲ್ಲ’ ಅನ್ನುತ್ತಾಳೆ. ಒಳಗೆ ಕರೆದು ಮೆಲ್ಲಗೆ ಕೇಳಿ. ಬಸಿರೆಂದು ತಿಳಿಯುವ ಮೊದಲೇ ಎಕ್ಸ್-ರೇ ಆಗಿಬಿಟ್ಟಿದೆ ಎಂದು ಯಾರಾದರೂ ಅಳುತ್ತಾ ಬಂದರೆ ಗರ್ಭ ತೆಗೆಸುವ ಮಾತೆತ್ತಬೇಡಿ. ಭ್ರೂಣಕ್ಕೆ 100 ಮಿಲಿಗ್ರೇಗಿಂತ (ಮಿಲಿಗ್ರೇ ಎಂದರೆ ಅಂಗಾಂಶ ಹೀರಿಕೊಂಡ ವಿಕಿರಣದ ಅಳತೆ) ಕಡಿಮೆ ತಗಲಿದ್ದರೆ ಅಷ್ಟಕ್ಕೇ ಗರ್ಭಪಾತ ಮಾಡಿಸಬೇಕಿಲ್ಲ. ಸಾಮಾನ್ಯ ಎಕ್ಸ್-ರೇಗಳಲ್ಲಿ ತಗಲುವುದು ಅದಕ್ಕಿಂತ ಎಷ್ಟೋ ಕಡಿಮೆ. ಆಕೆಯನ್ನು ಕೂರಿಸಿ, ಯಾವ ಭಾಗದ ಎಕ್ಸ್-ರೇ, ಎಷ್ಟು ಸಲ, ಯಾವ ತಾರೀಕು ಎಂದು ಬರೆದುಕೊಂಡು, ವೈದ್ಯರಿಗೂ ವಿಕಿರಣ ಸುರಕ್ಷತಾ ಅಧಿಕಾರಿಗೂ ಆ ಚೀಟಿ ಅಂದೇ ತಲುಪಿಸಿ.